ಒಣಗಲು ಹಾಕಿದ ಇಳಿಜಾರು

ನಮ್ಮ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು ಒಂದಿದೆ. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು ರಾಚುತ್ತಿರುವಾಗ ಅದರ ಅತ್ಯುತ್ತಮ ಸ್ಥಾನದಲ್ಲಿ, ಅಂದರೆ ಗಾಳಿಯೂ ಬಿಸಿಲೂ ಧಾರಾಳವಾಗಿ ತಾಗುವ ಮೇಲಿನ ಸರಳಿನಲ್ಲಿ, ದಪ್ಪನೆಯ ಒಂದು ಜೊತೆ ಕೈಗವಸು ನೇತಾಡುತ್ತಿರುತ್ತದೆ. ಹಿಮದಲ್ಲಿ ಹಾಕಿಕೊಳ್ಳುವ ಕೈಗವಸು! ದುಬೈಯ ಅಲ್ ನಹ್ದಾದ ಏಳನೆಯ ಮಹಡಿಯಲ್ಲಿ, ಆಚೆಗಿನ ಶಾರ್ಜಾದ ಕಟ್ಟಡಗಳು ಧೂಳಿನಲ್ಲಿ ಮಸುಕಾಗಿರುವ ಹೊತ್ತಿನಲ್ಲಿ, ಇದನ್ನು ನೋಡಿದವರಿಗೆ ಈ ಮನೆಯವರ ತಲೆ ಕೆಟ್ಟಿದೆ ಎನಿಸಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ನನಗೂ ಹಾಗೆಯೇ ಅನಿಸುತ್ತದೆ. ಬಾಲ್ಕನಿಯ ಗೋಡೆಗಿಂತ ಮೇಲೆ ಬಟ್ಟೆ ಕಾಣಬಾರದೆಂಬ ನಿಯಮವಿರುವುದರಿಂದ ಸ್ಟ್ಯಾಂಡನ್ನು ಕುಳ್ಳಗೆ ಮಾಡಿ ಇಡಬೇಕು. ಕುಳ್ಳಗೆ ಮಾಡಿದರೆ ಜಾಗ ಸಾಲದು. ಜಾಗ ಸಾಲದಿದ್ದರೆ ಕೆಳಗಿನ ಸರಳಿನಲ್ಲಿ ಮುದುಡಿಕೊಂಡು ಎರಡು ದಿನ ಒದ್ದೆಯಾಗಿಯೇ ಉಳಿಯುವುದು ಯಾವಾಗಲೂ ನನ್ನ ಆಫೀಸಿನ ಶರ್ಟುಗಳು. ಈ ಮನೆಯಲ್ಲಿ ಸಂಬಳ ತರುವವನಿಗಿಂತ ಕೈಗವಸಿಗೆ ಹೆಚ್ಚು ಮರ್ಯಾದೆ.

ಇದಕ್ಕೆಲ್ಲ ಕಾರಣ ನನ್ನ ಮಗಳು ದೀಕ್ಷಾ. ಏಳನೆಯ ತರಗತಿ. ಉಡುಪಿಯ ಕಡೆಯ ನಮ್ಮಂಥವರ ಮಕ್ಕಳು ಭರತನಾಟ್ಯ ಕಲಿಯುತ್ತಾರೆ, ಕರಾಟೆ ಕಲಿಯುತ್ತಾರೆ. ಇವಳು ಮಾತ್ರ ದುಬೈಯ ಮಾಲೊಂದರ ಒಳಗೆ ಯಂತ್ರದಿಂದ ಹಿಮ ಸುರಿಸಿ ಮಾಡಿದ ಇಳಿಜಾರಿನಲ್ಲಿ ಸ್ಲಾಲಮ್ ಕಲಿಯುತ್ತಾಳೆ. ಸ್ಲಾಲಮ್ ಎಂದರೆ ಬೇರೇನಲ್ಲ, ಇಳಿಜಾರಿನುದ್ದಕ್ಕೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕೆಂಪು ನೀಲಿ ಕಂಬಗಳನ್ನು ನೆಟ್ಟು, ಒಂದನ್ನೂ ಬಿಡದೆ ಅವುಗಳ ನಡುವೆ ಹಾವಿನಂತೆ ಬಳುಕುತ್ತಾ ಕೆಳಗಿಳಿಯುವ ಸ್ಕೀ ಪಂದ್ಯ. ಪ್ರತಿ ಶುಕ್ರವಾರ, ಊರೆಲ್ಲ ರಜೆಯ ನಿದ್ದೆಯಲ್ಲಿರುವ ಮುಂಜಾನೆ, ಮಾಲಿಗೆ ಜನ ಬರುವ ಮೊದಲು ಅಭ್ಯಾಸ. ನಾನು ಕಾರು ಓಡಿಸಿಕೊಂಡು ಹೋಗಿ, ಅವಳನ್ನು ಒಳಗೆ ಬಿಟ್ಟು, ಹೊರಗಿನ ಬೆಂಚಿನಲ್ಲಿ ಕೂತು ಫೋನಿನಲ್ಲಿ ಊರಿನ ಪೇಪರು ಓದುತ್ತೇನೆ. ಎರಡು ವರ್ಷದಲ್ಲಿ ಒಮ್ಮೆಯೂ ಒಳಗೆ ಹೋಗಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಬಂದು ಬಾಡಿಗೆಯ ಕೋಟು ತೊಟ್ಟು ನಡುಗುವುದು ನನಗೆ ಶುದ್ಧ ಮೂರ್ಖತನವಾಗಿ ಕಾಣುತ್ತಿತ್ತು.

ಅಷ್ಟರಲ್ಲಿ ಶಾಲೆಯವರು ಪ್ರಾಜೆಕ್ಟ್ ಕೊಟ್ಟರು: ಯಾವುದಾದರೂ ಒಂದು ಕ್ರೀಡಾಸ್ಥಳದ ಚರಿತ್ರೆ ಬರೆಯಿರಿ, ಮಾದರಿಯನ್ನೂ ಮಾಡಿ. ಗಲ್ಫಿನಲ್ಲಿ ಮಕ್ಕಳಿರುವ ಗೆಳೆಯರೇ, ಈ ಮಾತಿನ ಅರ್ಥ ನಿಮಗೆ ಗೊತ್ತಿದೆ. ಪ್ರಾಜೆಕ್ಟ್ ಮಗುವಿನದು, ಕೆಲಸ ಅಪ್ಪನದು. ಕಲರ್ ಪ್ರಿಂಟ್ ಅಪ್ಪನ ಆಫೀಸಿನದು, ಸ್ಪೈರಲ್ ಬೈಂಡಿಂಗ್ ಅಪ್ಪನ ಆಫೀಸಿನ ಹುಡುಗನದು, ಥರ್ಮಕೋಲ್ ಕತ್ತರಿಸುವಾಗ ಕುಯ್ದುಕೊಳ್ಳುವ ಬೆರಳೂ ಅಪ್ಪನದೇ. ಇಲ್ಲಿ ವಾರ ಶುರುವಾಗುವ ಭಾನುವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ತಾಜ್‌ಮಹಲು, ಜ್ವಾಲಾಮುಖಿಗಳನ್ನು ಹೊತ್ತು ಅಪ್ಪಂದಿರು ಒಬ್ಬರ ಕೃತಿಯನ್ನೊಬ್ಬರು ಓರೆಗಣ್ಣಿನಲ್ಲಿ ಅಳೆಯುವುದನ್ನು ನೋಡಬೇಕು. ಮಕ್ಕಳು ಹಿಂದಿನಿಂದ ನೀರಿನ ಬಾಟಲಿ ಹಿಡಿದು ಬರುತ್ತವೆ.

ಅದರಲ್ಲೂ ನಾನು ವೃತ್ತಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಕಟ್ಟಡ ಕಟ್ಟುವ ಕಂಪೆನಿಯಲ್ಲಿ ಪ್ರತಿಯೊಂದು ನಕ್ಷೆಗೂ ಸಂಖ್ಯೆ ಕೊಟ್ಟು, ಠಸ್ಸೆ ಹೊಡೆದು, ಕೇಳಿದ ತಕ್ಷಣ ತೆಗೆದುಕೊಡುವುದು ನನ್ನ ಕೆಲಸ. ಹದಿನೇಳು ವರ್ಷದಲ್ಲಿ ಒಂದೇ ಒಂದು ಹಾಳೆ ಕಳೆದಿಲ್ಲ ಎಂಬುದು ನನ್ನ ಜಂಬ. ಚರಿತ್ರೆಯೆಂದರೆ ನನ್ನನ್ನು ಬಿಟ್ಟರೆ ಇನ್ನಾರಿಗೆ ಬರಬೇಕು? ಆಲ್ಪ್ಸ್ ಪರ್ವತದ ಹಳೆಯ ಸ್ಲಾಲಮ್ ಇಳಿಜಾರೊಂದನ್ನು ನಾನೇ ಆರಿಸಿದೆ. ದೀಕ್ಷಾ ಏನೋ ಹೇಳಲು ಬಂದಳು. "ಪಪ್ಪಾ, ಆಕ್ಚುವಲಿ ನನ್ ಹತ್ರ ಒಂದು ಐಡಿಯಾ ಉಂಟು" ಎಂದಳು. ಆಮೇಲೆ ಹೇಳು ಎಂದೆ. ಆ ಆಮೇಲೆ ಬರಲೇ ಇಲ್ಲ.

ಆದರೆ ಆ ಚರಿತ್ರೆ ನನ್ನನ್ನು ನಿಜಕ್ಕೂ ಸತಾಯಿಸಿತು. ಹಿಂದೆ ಲಿಫ್ಟುಗಳಿರಲಿಲ್ಲ, ಉಣ್ಣೆಯ ಚಡ್ಡಿ ತೊಟ್ಟ ಗಂಡಸರು ಸ್ಕೀಗಳನ್ನು ಹೆಗಲಮೇಲೆ ಹೊತ್ತು ಬೆಟ್ಟ ಹತ್ತಿ, ಒಂದೇ ನಿಮಿಷದಲ್ಲಿ ಇಳಿದು, ಮತ್ತೆ ಹತ್ತುತ್ತಿದ್ದರು. ಕಾಡಿನ ಕೋಲುಗಳೇ ಕಂಬಗಳು, ಆಮೇಲೆ ಬಿದಿರು ಬಂತು. ಬಗ್ಗದ ಕಂಬವಾದ್ದರಿಂದ ಅದನ್ನು ಸುತ್ತಿಕೊಂಡು ಹೋಗಬೇಕಿತ್ತು. ಈಚೆಗೆ ಬುಡದಲ್ಲಿ ಮಡಚಿ ಮತ್ತೆ ಎದ್ದು ನಿಲ್ಲುವ ಪ್ಲಾಸ್ಟಿಕ್ ಕಂಬಗಳು ಬಂದಮೇಲೆ ಆಟಗಾರರು ಅವನ್ನು ಮೊಣಕಾಲಿನಿಂದ, ಮುಷ್ಟಿಯಿಂದ ತಳ್ಳಿಕೊಂಡೇ ನುಗ್ಗುತ್ತಾರೆ. ಹಳ್ಳಿಯವರು ಕಾಲಿನಲ್ಲಿ ತುಳಿದು ಹಿಮ ಗಟ್ಟಿ ಮಾಡುತ್ತಾರೆ. ಇಷ್ಟೆಲ್ಲ ಸರಿ. ಆದರೆ ಪಂದ್ಯ ಮುಗಿದ ಕೂಡಲೆ ಕಂಬಗಳನ್ನು ಕಿತ್ತುಬಿಡುತ್ತಾರೆ! ಮುಂದಿನ ಸಲ ಬೇರೊಬ್ಬ ಬಂದು ಬೇರೆಯೇ ತಿರುವುಗಳಲ್ಲಿ ನೆಡುತ್ತಾನೆ. ಬೇಸಿಗೆಯಲ್ಲಿ ಹಿಮವೇ ಕರಗಿ ಅಲ್ಲಿ ಹಸುಗಳು ಮೇಯುತ್ತವೆ. ಹಾಗಾದರೆ ಚರಿತ್ರೆಯೆಂದು ನಾನು ಬರೆಯುತ್ತಿರುವುದು ಯಾವುದರದು? ಹುಲ್ಲಿನದೋ, ಗುಡ್ಡದ್ದೋ? ಸಿಟ್ಟು ಬಂತು. ಸಿಟ್ಟಿನಲ್ಲಿ ನಲವತ್ತು ಪುಟ ಬರೆದು, ಸ್ಪೈರಲ್ ಹಾಕಿಸಿ, ಮುಖಪುಟಕ್ಕೆ ಅಭ್ಯಾಸಬಲದಿಂದ ಆಫೀಸಿನ ಠಸ್ಸೆಯನ್ನೂ ಒತ್ತಿದೆ. ಥರ್ಮಕೋಲಿನ ಬೆಟ್ಟಕ್ಕೆ ಹಳೆಯ ಕಾಗದದ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಪದರಪದರವಾಗಿ ಮೆತ್ತಿ, ಮೇಲೆ ಹತ್ತಿಯ ಹಿಮ ಹೊದಿಸಿದೆ. ಊದುಬತ್ತಿಯ ಕಡ್ಡಿಗಳಿಗೆ ಬಣ್ಣ ಬಳಿದು, ಭೂಕಂಪಕ್ಕೂ ಅಲ್ಲಾಡದಂತೆ ನೆಟ್ಟೆ.

ಬುಧವಾರ ಬೆಟ್ಟವೂ ಪುಸ್ತಕವೂ ಹಿಂದೆ ಬಂದವು. ಟೀಚರು ಬರೆದಿದ್ದರು: ತಂದೆಯವರ ಕೆಲಸ ಬಹಳ ಚೆನ್ನಾಗಿದೆ, ಭಾನುವಾರದೊಳಗೆ ಮಗುವಿನದನ್ನು ಕಳಿಸಿ. ನನ್ನ ಹೆಂಡತಿ ಸುಜಾತ ಅದನ್ನು ಎರಡು ಸಲ ಓದಿದಳು, ಎರಡನೆಯ ಸಲ ಗಟ್ಟಿಯಾಗಿ. "ನಿಮಗೆ ಇದು ಬೇಕಿತ್ತಾ ಮಾರಾಯ್ರೆ? ಹುಡುಗಿ ಹೇಳ್ಲಿಕ್ಕೆ ಬಂದದ್ದನ್ನು ಒಂದು ನಿಮಿಷ ಕೇಳ್ಲಿಕ್ಕೆ ಎಂತ ಕಷ್ಟ ನಿಮಗೆ?"

ದೀಕ್ಷಾ ಅಳಲಿಲ್ಲ. ಶುಕ್ರವಾರ ತನ್ನ ಜೊತೆ ಒಳಗೆ ಬಂದರೆ ಸಾಕು ಎಂದಳು, ಅಷ್ಟೆ. ತಪ್ಪಿತಸ್ಥನಾದ್ದರಿಂದ ಹೋದೆ. ಇನ್ನಾರದೋ ಬೆವರಿನ ವಾಸನೆಯ ನೀಲಿ ಕೋಟು ಹಾಕಿ, ಮೂಗಿನೊಳಗೆ ಸೂಜಿ ಆಡಿಸುವಂಥ ಆ ಚಳಿಯಲ್ಲಿ ನಿಂತೆ. ಮನಾಲಿಯ ಕಡೆಯ ಕೋಚ್ ಒಬ್ಬರು, ಮಕ್ಕಳೆಲ್ಲ ಠಾಕೂರ್ ಸರ್ ಎನ್ನುವವರು, ಇಳಿಜಾರನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಡ್ರಿಲ್ಲಿನಿಂದ ಹಿಮ ಕೊರೆದು ಒಂದೊಂದೇ ಕಂಬ ನೆಡುತ್ತಾ ಕೆಳಗಿಳಿದರು. ಮಕ್ಕಳು ಇಳಿದರು. ನನ್ನ ಮಗಳು ಇಳಿದಳು. ಮನೆಯಲ್ಲಿ ಚಪ್ಪಲಿ ಹುಡುಕಲು ಹತ್ತು ನಿಮಿಷ ಬೇಕಾಗುವ ಆ ಹುಡುಗಿ ಕಂಬಗಳನ್ನು ಪಟಪಟನೆ ಮಲಗಿಸುತ್ತಾ ಬಂದ ರಭಸಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹೆಮ್ಮೆಯಾಯಿತು, ಜೊತೆಗೆ ಎರಡು ವರ್ಷ ಬೆಂಚಿನಲ್ಲಿ ಕೂತು ಪೇಪರು ಓದಿದವನ ಮೇಲೆ ವಿಪರೀತ ಕೋಪವೂ ಬಂತು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿದು, ಕಂಬಗಳನ್ನು ಕಿತ್ತು ಕಂತೆ ಕಟ್ಟಿದರು. ಯಂತ್ರವೊಂದು ಬಂದು ಗೆರೆಗಳನ್ನೆಲ್ಲ ಅಳಿಸಿಕೊಂಡು ಹೋಯಿತು.

ತಡೆಯಲಾಗದೆ ಕೇಳಿದೆ, ಇವತ್ತಿನದರ ಡ್ರಾಯಿಂಗ್ ಎಲ್ಲಿದೆ ಎಂದು. ಠಾಕೂರ್ ನಕ್ಕರು. "ಡ್ರಾಯಿಂಗ್ ಮೇರೆ ಪಾಸ್ ಮಾಫಿ, ಸರ್. ಆಪ್ ಕೀ ಬೇಟಿ ಕೆ ಪಾಸ್ ಹೈ." ತಮ್ಮ ಹತ್ತಿರ ಇಲ್ಲ, ನಿಮ್ಮ ಮಗಳ ಹತ್ತಿರ ಇದೆ ಎಂದರು.

ಕಾರಿನಲ್ಲಿ ಕೇಳಿದಾಗ ತಿಳಿಯಿತು. ಎರಡು ವರ್ಷದಿಂದ ಪ್ರತಿ ಶುಕ್ರವಾರ ಮನೆಗೆ ಬರುವ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅವಳು ಆ ದಿನದ ಕಂಬಗಳನ್ನು ಕೆಂಪು ನೀಲಿ ಬಾಲ್‌ಪೆನ್ನಿನ ಚುಕ್ಕಿಗಳಾಗಿ ಬರೆದಿಡುತ್ತಿದ್ದಳಂತೆ. ಎಲ್ಲಿ ಬಿದ್ದಳು, ಎಲ್ಲಿ ಮಂಜುಗಟ್ಟಿ ಜಾರುತ್ತಿತ್ತು, ಎಲ್ಲವೂ ಅದರಲ್ಲಿತ್ತಂತೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಆಸ್‌-ಬಿಲ್ಟ್ ನಕ್ಷೆ ಎನ್ನುತ್ತಾರೆ: ಕಟ್ಟಬೇಕೆಂದುಕೊಂಡದ್ದಲ್ಲ, ನಿಜವಾಗಿ ಕಟ್ಟಿದ್ದು. ದೊಡ್ಡ ದೊಡ್ಡ ಇಂಜಿನಿಯರುಗಳ ಬೆನ್ನುಬಿದ್ದರೂ ಅವರು ಬರೆದುಕೊಡದ ನಕ್ಷೆ. ಅವಳ ಐಡಿಯಾ ಅದೇ ಆಗಿತ್ತು, ಆಲ್ಪ್ಸ್ ಅಲ್ಲ, ಈ ನಮ್ಮ ಇಳಿಜಾರಿನ ಚರಿತ್ರೆ.

"ಯಾವ ಪುಸ್ತಕದಲ್ಲಿ?" ಎಂದೆ.

"ಓಲ್ಡ್ ಮ್ಯಾಥ್ಸ್ ನೋಟ್, ಪಪ್ಪಾ. ಬ್ಯಾಕ್ ಪೇಜಸ್. ಶೂ ರ‍್ಯಾಕ್ ಮೇಲೆ ಇತ್ತಲ್ಲ."

ಇತ್ತು. ಹೋದ ಶನಿವಾರದವರೆಗೆ ಇತ್ತು. ಶೂ ರ‍್ಯಾಕಿನ ಮೇಲಿಂದ ಅದನ್ನು ತೆಗೆದು, ಹಳೆಯ ಲೆಕ್ಕಗಳಿಂದ ಇನ್ನೇನು ಪ್ರಯೋಜನ ಎಂದುಕೊಂಡು, ಉದ್ದುದ್ದಕ್ಕೆ ಹರಿದು ಮೈದಾ ಅಂಟಿನಲ್ಲಿ ಅದ್ದಿದವನು ನಾನೇ. ಹದಿನೇಳು ವರ್ಷ ಪರರ ಒಂದೊಂದು ಹಾಳೆಯನ್ನೂ ಕಾಪಾಡಿದ ಕೈ ಮಗಳ ಎರಡು ವರ್ಷವನ್ನು ಮುದ್ದೆ ಮಾಡಿ, ನಾನು ಕಾಣದ ಬೆಟ್ಟದ ಹೊಟ್ಟೆಗೆ ತುಂಬಿತ್ತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಹೇಳಿಬಿಟ್ಟೆ. ಅವಳು "ಪಪ್ಪಾ, ಯು ನೆವರ್ ಆಸ್ಕ್" ಎಂದಳು. ಇದಕ್ಕಿಂತ ಅತ್ತು ರಂಪ ಮಾಡಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದವರೇ ಬೆಟ್ಟವನ್ನು ಬಾತ್‌ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಇಳಿಸಿದೆವು. ಮೂರು ಜನವೂ ಮಂಡಿಯೂರಿ ಕೂತೆವು. ಹತ್ತಿ ಕಿತ್ತು ಬಂತು. ನಾನು ಅಜರಾಮರವಾಗಿ ನೆಟ್ಟ ಕಡ್ಡಿಗಳನ್ನು ಸುಜಾತ ಇಕ್ಕಳದಿಂದ ಎಳೆದಳು. ಆಮೇಲೆ ಮೈದಾ ಕರಗಿ ಪಟ್ಟಿಗಳು ಒಂದೊಂದಾಗಿ ಬಿಟ್ಟುಕೊಳ್ಳತೊಡಗಿದವು. ಬಾಲ್‌ಪೆನ್ನಿನ ಶಾಯಿ ನೀರಿಗೆ ಜಗ್ಗಿರಲಿಲ್ಲ. ಕೆಂಪು, ನೀಲಿ, ಕೆಂಪು, ನೀಲಿ. ಒಂದು ಪಟ್ಟಿಯಲ್ಲಿ ಪುಟ್ಟ ಅಕ್ಷರದಲ್ಲಿ 'ಇಲ್ಲಿ ಬಿದ್ದೆ', ಇನ್ನೊಂದರಲ್ಲಿ 'ಪಪ್ಪಾ ಇವತ್ತೂ ಹೊರಗೆ'.

ನಾನು ಮೊದಲು ಬಂದಿಳಿದು ಆರು ಜನರೊಡನೆ ಬಾಳಿದ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಕಟ್ಟಡ ಈಗಿಲ್ಲ. ಅದರ ಮೆಟ್ಟಿಲು ಎಷ್ಟಿತ್ತೆಂಬುದೂ ಮರೆತಿದೆ. ನಾವಿಲ್ಲಿ ವೀಸಾ ಇರುವಷ್ಟು ದಿನ ನೆಟ್ಟುಕೊಂಡು, ಮುಗಿದ ದಿನ ಕಿತ್ತುಕೊಂಡು ಹೋಗುವವರು. ಇದರಲ್ಲಿ ಚರಿತ್ರೆ ಏನು ಬಂತು ಎಂದು ಎಷ್ಟೋ ಸಲ ಗೊಣಗಿದ್ದೇನೆ. ಕಿತ್ತ ಕಂಬಗಳಿಗೂ ಚರಿತ್ರೆ ಉಂಟು, ಇಳಿದವರು ಅದೇ ದಿನ ಬರೆದಿಟ್ಟರೆ, ಬರೆದದ್ದನ್ನು ಮನೆಯವರು ಹರಿಯದಿದ್ದರೆ. ಗೊಣಗುವುದಕ್ಕೆ ಹದಿನೇಳು ವರ್ಷ ಬಿಡುವಿದ್ದ ನನಗೆ ಬರೆಯಲು ಬಿಡುವಿರಲಿಲ್ಲ ಎಂದರೆ ನೀವಾದರೂ ಹೇಗೆ ನಂಬುತ್ತೀರಿ?

ಕೆಲವು ಪಟ್ಟಿಗಳು ನುಚ್ಚುನೂರಾಗಿದ್ದವು. ಅವುಗಳಲ್ಲಿ ಒಂದರಲ್ಲಿದ್ದ ಇಳಿತವನ್ನು ದೀಕ್ಷಾ ಮನೆಯ ಹಾಲ್‌ನ ನಡುವೆ ನಿಂತು, ಕಣ್ಣು ಮುಚ್ಚಿ, ಮಂಡಿ ಬಗ್ಗಿಸಿ, ಎಡಕ್ಕೂ ಬಲಕ್ಕೂ ತೂಗುತ್ತಾ ಮತ್ತೆ ಇಳಿದಳು. ಹನ್ನೊಂದನೆಯ ತಿರುವಿನಲ್ಲಿ ನಿಂತು ಕಾಗದದ ಮೇಲೆ ಚುಕ್ಕಿಯಿಟ್ಟಳು. ಖಾತ್ರಿಯೇನು ಎಂದು ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡೆ.

"ಕಾಲಿಗೆ ನೆನಪುಂಟು ಪಪ್ಪಾ" ಎಂದಳು, ನಾನು ಕೇಳದಿದ್ದರೂ.

ಇವತ್ತು ಶನಿವಾರ. ಬಾಲ್ಕನಿಯ ಸ್ಟ್ಯಾಂಡಿನ ಮೇಲಿನ ಸರಳಿನಲ್ಲಿ ಎಂದಿನಂತೆ ಕೈಗವಸು ನೇತಾಡುತ್ತಿದೆ. ಅದರ ಪಕ್ಕಕ್ಕೆ, ಕೆಳಗಿನ ಅಷ್ಟೂ ಸರಳುಗಳಿಗೆ, ಒಂದೊಂದಕ್ಕೂ ಕ್ಲಿಪ್ಪು ಸಿಕ್ಕಿಸಿ ನಾನೇ ತೂಗುಹಾಕಿದ ಪಟ್ಟಿಗಳು ಬಿಸಿಗಾಳಿಗೆ ಪಟಪಟಿಸುತ್ತಿವೆ. ದೀಕ್ಷಾ ಅವುಗಳ ಮುಂದೆ ಕೂತು ತನ್ನದೇ ಅಕ್ಷರದಲ್ಲಿ ಚರಿತ್ರೆ ಬರೆಯುತ್ತಿದ್ದಾಳೆ. ಠಸ್ಸೆ ಬೇಡವೆಂದು ಮೊದಲೇ ಹೇಳಿದ್ದಾಳೆ. ನಾಳೆ ಆಫೀಸು. ನನ್ನ ಶರ್ಟುಗಳು ಬಕೆಟ್ಟಿನಲ್ಲಿ ಒದ್ದೆಯಾಗಿ ಬಿದ್ದಿವೆ, ಜಾಗವಿಲ್ಲ. ಇರಲಿ ಬಿಡಿ, ಒದ್ದೆಯದನ್ನೇ ಹಾಕಿಕೊಂಡು ಹೋಗುತ್ತೇನೆ.