ಪಗ್ಗು ತಿಂಗಳ ಮೊದಲ ದಿನ

ನೆರೂಳದ ಶರ್ಮಿಳಾ ಘಣಸೋಲಿಯ ಆಫೀಸೊಂದರಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದಳು. ನಲವತ್ತೆರಡು ವರ್ಷದ ಹೆಂಗಸು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೂತು, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಕೋಡ್ ಬರೆಯುತ್ತಿದ್ದಳೆಂದರೆ ನಂಬುತ್ತೀರಾ? ಬರೆಯುತ್ತಿದ್ದಳು ಮಾರಾಯ್ರೆ!

ಮೊಬೈಲಿನ ಕ್ಯಾಲೆಂಡರ್ ಒಂದಿತ್ತು. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಒಪ್ಪುವುದು ಬಿಡುವುದು ಅದನ್ನು ನೋಡಿಕೊಳ್ಳುವ ಪರದೇಶದವರ ಇಷ್ಟ. ಅದರಲ್ಲಿ ತುಳುವರ ತಿಂಗಳುಗಳೇ ಇರಲಿಲ್ಲ. ಶರ್ಮಿಳಾಳಿಗೆ ಅವನ್ನು ಸೇರಿಸುವ ಹುಚ್ಚು. ಬರೆಯುತ್ತ ಬರೆಯುತ್ತ ತೂಕಡಿಸಿದರೆ ಪಗ್ಗು, ಬೇಶ, ಕಾರ್ತೆಲ್, ಆಟಿ ಒಂದೊಂದಾಗಿ ಡಬ್ಬಿ ಹತ್ತಿ ಪಕ್ಕದಲ್ಲಿ ಕೂರುತ್ತಿದ್ದವು. ತುರ್ಭೆ ಸ್ಟೇಷನ್ ದಾಟಿದ್ದೂ ತಿಳಿಯುತ್ತಿರಲಿಲ್ಲ.

ಎರಡು ಸಲ ಕಳಿಸಿದ್ದು ವಾಪಸು ಬಂತು. ಮೂರನೆಯ ಸಲ, ೨೦೧೪ರ ಮಾರ್ಚಿನಲ್ಲಿ, ಒಪ್ಪಿಕೊಂಡರು. ಅವತ್ತು ಅವಳು ನೆಲದ ಮೇಲೆ ನಡೆಯಲೇ ಇಲ್ಲ.

ಏಪ್ರಿಲಿನ ಒಂದು ಬೆಳಿಗ್ಗೆ ಮೊಬೈಲನ್ನು ತಾಯಿ ವೇದಾವತಿಯ ಮುಂದೆ ಹಿಡಿದಳು. "ನೋಡಮ್ಮಾ, ಪಗ್ಗು ಒಂದು. ಇವತ್ತು ಬಿಸು, ನಮ್ಮ ಹೊಸ ವರ್ಷ!"

ತಾಯಿ ಸೌತೆಕಾಯಿ ತೊಳೆಯುತ್ತಿದ್ದರು. "ಎಂಥ ಬಿಸು? ಇವತ್ತು ಸಂಕ್ರಮಣ ಮಾರಾಯ್ತಿ. ನಮ್ಮಲ್ಲಿ ತಿಂಗಳು ಹುಟ್ಟುವುದು ಮರುದಿನ. ದೇವರ ಮುಂದೆ ಹಣ್ಣು ತರಕಾರಿಯ ಕಣಿ ಇಡುವುದು ನಾಳೆಗೆ."

ಶರ್ಮಿಳಾ ಮೊಬೈಲನ್ನು ಕೆಳಗಿಟ್ಟಳು. ಊರಿನಲ್ಲಲ್ಲ, ಡೊಂಬಿವಿಲಿಯಲ್ಲಿ ಹುಟ್ಟಿದವಳು, ಸಂಕ್ರಮಣವೇ ಮೊದಲ ದಿನವೆಂದು ಹನ್ನೆರಡೂ ತಿಂಗಳನ್ನು ಒಂದು ದಿನ ಹಿಂದಕ್ಕೆ ದೂಡಿಬಿಟ್ಟಿದ್ದಳು.

"ಈಗ ಹೇಳಿದ್ರೆ ಪೂರಾ ದುನಿಯಾದ ಎದುರು ಇಜ್ಜತ್ ಹೋಗ್ತದಮ್ಮಾ. ಮತ್ತೆ ನನ್ನದು ಯಾರೂ ತಗೊಳ್ಳುದಿಲ್ಲ."

"ಹೇಳದಿದ್ರೆ ನಿನ್ನನ್ನು ನಂಬಿದವರು ಇವತ್ತೇ ಕಣಿ ಇಡ್ತಾರಲ್ಲ?"

ಅವಳಿಗೆ ಅಳುವೇ ಬಂತು. ಮೊದಲ ಬಾರಿಗೆ ಸಿಕ್ಕಿದ ಮರ್ಯಾದೆ ಯಾರಿಗೆ ಬೇಡ ಹೇಳಿ? ಆದರೂ ಆಫೀಸಿಗೆ ರಜೆ ಹಾಕಿ, ತಿದ್ದಿ ಕಳಿಸಿದಳು. ಕೆಳಗೆ ಬರೆದಳು: "ತಪ್ಪು ನನ್ನದೇ. ಊರಿನ ಲೆಕ್ಕ ನನಗೆ ಗೊತ್ತಿರಲಿಲ್ಲ. ನನ್ನ ತಾಯಿ ಹೇಳಿಕೊಟ್ಟರು."

ಮಧ್ಯಾಹ್ನವೇ ಉತ್ತರ ಬಂತು. ಓದಲು ಧೈರ್ಯವಿಲ್ಲದೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಳು. ನೆರೂಳವೆಲ್ಲ ಬಿಸಿಲಲ್ಲಿ ತೇಲುತ್ತಿತ್ತು. ಕೊನೆಗೆ ತೆರೆದಳು.

"ತಿದ್ದುಪಡಿ ಸೇರಿಸಿದ್ದೇವೆ. ಈ ಭಾಗವನ್ನು ಇನ್ನು ಮುಂದೆ ನೀವೇ ನೋಡಿಕೊಳ್ಳುತ್ತೀರಾ? ನೆರವಾದವರ ಪಟ್ಟಿಗೆ ನಿಮ್ಮ ತಾಯಿಯ ಹೆಸರೂ ಬೇಕು."

ಶರ್ಮಿಳಾ ಗಟ್ಟಿಯಾಗಿ ಓದಿ ಹೇಳಿದಳು.

"ಅಯ್ಯೋ, ನನ್ನ ಹೆಸರೆಂಥಕ್ಕೆ! ಮಂಡೆ ಸಮ ಉಂಟಾ ಅವರಿಗೆ?" ಎಂದು ವೇದಾವತಿ ಬೈದರು. ಬೈಯುತ್ತಲೇ ಕನ್ನಡಕ ಹುಡುಕಿ ತಂದು, ಮಗಳು ಆ ಹೆಸರಿನ ಒಂದೊಂದೇ ಅಕ್ಷರ ಒತ್ತಿ ಮುಗಿಸುವವರೆಗೂ ಅವಳ ಹೆಗಲು ಹಿಡಿದು ನಿಂತರು.