ಕೊನೆಯ ಗೂಟದ ಮೇಲೆ ನೀಲಿ ಅಂಗಿ

ಮದುವೆಗೆ ಮೊದಲು ಒಂದು ದಿನ, "ಬಾ, ನಮ್ಮಮ್ಮನ್ನ ನೋಡುವಂತೆ" ಎಂದು ಇವರು ನನ್ನನ್ನು ಕರೆದುಕೊಂಡು ಹೋದದ್ದು ಮನೆಗಲ್ಲ, ಊರಾಚೆಯ ಕಲ್ಲುಹೊಂಡಕ್ಕೆ. ಆಗಿನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಯಾವ ಕಾಲದಲ್ಲೋ ಕಲ್ಲು ತೆಗೆದು ಬಿಟ್ಟುಹೋದ ಗಣಿ ಅದು. ಒರತೆ ಒಡೆದು ನೀರು ತುಂಬಿಕೊಂಡಿತ್ತು. ನೀರಿನ ಮೇಲೆ ಮಂಜು, ಮಂಜಿನಲ್ಲಿ ಅಲ್ಲೊಂದು ಇಲ್ಲೊಂದು ತಲೆ. ಯಾರೋ ಕಾಣದ ಕಡೆಯಿಂದ ತಮ್ಮ ಮಂಡಿನೋವಿನ ವಿಚಾರ ಹೇಳುತ್ತಿದ್ದರು, ಇನ್ನ್ಯಾರೋ ಕಾಣದ ಕಡೆಯಿಂದಲೇ ಹೂಂಗುಡುತ್ತಿದ್ದರು. ನಾನಿನ್ನೂ ಹಾಸಿಗೆಯಲ್ಲೇ ಇದ್ದೇನೆ, ಇದೆಲ್ಲ ನಿದ್ದೆಯಲ್ಲಿ ಕಾಣುತ್ತಿದೆ ಅನ್ನಿಸಿತು.

ದಡದಲ್ಲಿ ಒಂದು ಕುರ್ಚಿ. ಅದರಲ್ಲಿ ಜೇಬುಗಳಿದ್ದ ಉದ್ದನೆಯ ನೀಲಿ ಅಂಗಿ ತೊಟ್ಟು, ಮಡಿಲಲ್ಲಿ ಹೊಲಿಗೆ ಇಟ್ಟುಕೊಂಡು ಕೂತಿದ್ದವರೇ ನಮ್ಮತ್ತೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತಾ, "ಒಂದು ನಿಮಿಷ ತಾಳಮ್ಮ, ಇನ್ನೂ ಒಬ್ಬರು ಬರೋದಿದೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಸೊಸೆಯಾಗಿ ಬರುವವಳಿಗಿಂತ ಮೋಟುಗೋಡೆ ಹೆಚ್ಚಾಯಿತೇ ಇವರಿಗೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆ ಗೋಡೆಯಲ್ಲಿ ಸಾಲಾಗಿ ಮರದ ಗಿಳಿಗೂಟಗಳಿದ್ದವು. ಈಜು ಬಳಗದ ಒಬ್ಬೊಬ್ಬರಿಗೂ ಒಂದೊಂದು. ನೀರಿಗಿಳಿಯುವವರು ತಮ್ಮ ಗೂಟಕ್ಕೆ ಬಟ್ಟೆ ತೂಗುಹಾಕಿ ಇಳಿಯಬೇಕು, ಮೇಲೆ ಬಂದವರು ತಮ್ಮ ಬಟ್ಟೆ ತೆಗೆದುಕೊಳ್ಳಬೇಕು. ಗೂಟದ ಮೇಲೆ ಬಟ್ಟೆ ಇದೆ ಎಂದರೆ ಅದರ ಒಡೆಯ ನೀರಿನಲ್ಲಿದ್ದಾನೆ ಎಂದರ್ಥ. ಅದನ್ನು ನೋಡಿಕೊಳ್ಳಲು ಒಬ್ಬರು ಮೈ ಒದ್ದೆ ಮಾಡಿಕೊಳ್ಳದೆ ದಡದಲ್ಲಿ ಕೂರಬೇಕು. ದಡದಲ್ಲಿ ಕೂತವರು "ಒಳಗೆ ಒಬ್ಬರಿದ್ದಾರೆ" ಎಂದರೆ ಮುಗಿಯಿತು. ಯಾರು, ಏನು, ಎತ್ತ ಎಂದು ಯಾರೂ ಕೇಳುವಂತಿಲ್ಲ, ಇದ್ದವರು ಇದ್ದಂತೆಯೇ ಹಾರಬೇಕು. ಬಳಗಕ್ಕೆ ಬೋರ್ಡಿರಲಿಲ್ಲ, ಬೀಗವಿರಲಿಲ್ಲ. ಇದ್ದದ್ದು ಇದೊಂದೇ ಕಟ್ಟಳೆ.

ಕಟ್ಟಳೆ ಹುಟ್ಟಿದ್ದು ನಮ್ಮತ್ತೆಯ ಅಣ್ಣನಿಂದ. ಅಣ್ಣ ತಂಗಿ ಇಬ್ಬರೂ ಮೀನಿನ ಮರಿಗಳಂತೆ ಆ ಹೊಂಡದಲ್ಲೇ ಬೆಳೆದವರಂತೆ. ಒಂದು ದಿನ ತಂಗಿಗೆ ಜ್ವರ, ಅಣ್ಣ ಒಬ್ಬನೇ ಹೋದ. ಬೆಳಿಗ್ಗೆಯಿಂದ ಅವನ ಅಂಗಿ ದಡದ ಬಂಡೆಯ ಮೇಲೆ ಬಿದ್ದಿತ್ತು. ಜನ ಬಂದರು, ಈಜಿದರು, ಹೋದರು. ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡರು ಎಲ್ಲರೂ. ಗಾಳಿಗೆ ಹಾರದಿರಲಿ ಎಂದು ಯಾರೋ ಪುಣ್ಯಾತ್ಮರು ಅದನ್ನು ನೀಟಾಗಿ ಮಡಿಸಿ, ಮೇಲೊಂದು ಕಲ್ಲನ್ನೂ ಇಟ್ಟರು. ನೀರಿನೊಳಗೆ ಮಾತ್ರ ಯಾರೂ ನೋಡಲಿಲ್ಲ.

ಆಮೇಲೆ ಊರಿನ ಬಡಗಿ ಗೋಡೆಗೆ ಗೂಟ ಹೊಡೆದ. ದಡ ಕಾಯುವುದು ಮೊದಮೊದಲು ಪಾಳಿಯ ಮೇಲೆ ನಡೆಯಿತು. ಆದರೆ ಎಲ್ಲರೂ ನೀರಾಟ ಆಡುವಾಗ ಚಳಿಯಲ್ಲಿ ಕುರ್ಚಿ ಬಿಸಿ ಮಾಡುತ್ತಾ ಕೂರಲು ಯಾರಿಗೆ ಮನಸ್ಸು ಬರುತ್ತದೆ? ನೆವಗಳು ಶುರುವಾದವು. ನಮ್ಮತ್ತೆ ಅಷ್ಟರಲ್ಲಿ ಬೆಳೆದು ಟೈಲರ್ ಆಗಿದ್ದರು. "ನನಗೇನು, ಕಾಜಾ ಹೊಲಿಯೋದು ಮನೇಲಾದ್ರೂ ಒಂದೇ ಇಲ್ಲಾದ್ರೂ ಒಂದೇ" ಎಂದು ಕೂತರು. ಕೂತವರು ಏಳಲೇ ಇಲ್ಲ. ನೀರಿಗಿಳಿಯದವರಿಗೆ ಗೂಟವೇಕೆ ಎಂದು ಅವರ ಹೆಸರಿಗೆ ಒಂದು ಗೂಟವನ್ನೂ ಯಾರೂ ಹೊಡೆಯಲಿಲ್ಲ. ಊರಿನವರ ಈಜುಡುಗೆಗಳೆಲ್ಲ ಅವರ ಕೈಯವೇ ಆಗಿದ್ದವು.

ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ, ಕತ್ತರಿ ಹುಡುಕಲು ಹೋಗಿ ಅವರ ಮಷೀನಿನ ಕೆಳಗಿನ ಖಾನೆ ಎಳೆದೆ. ತಳದಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಈಜುಡುಗೆ ಸಿಕ್ಕಿತು. ಎಂದೂ ನೀರು ಕಂಡಿರದ ಬಟ್ಟೆ. ಪಕ್ಕದ ಹೊಲಿಗೆಗಳನ್ನು ಬಿಚ್ಚಿ, ಅಗಲ ಮಾಡಿ, ಮತ್ತೆ ಹೊಲಿದ ಗುರುತುಗಳಿದ್ದವು. ಒಂದು ಸಲದ ದಾರ ಕಪ್ಪು, ಇನ್ನೊಂದು ಸಲದ್ದು ಕಂದು, ಈಚಿನದು ನೀಲಿ. ಮೈ ದಪ್ಪವಾದಂತೆಲ್ಲ ಈ ಹೆಂಗಸು ಗುಟ್ಟಾಗಿ ತನ್ನ ಅಳತೆಗೆ ಅದನ್ನು ಸರಿ ಮಾಡಿಟ್ಟುಕೊಳ್ಳುತ್ತಾ ಬಂದಿದ್ದರು. ಮಷೀನು ತುಳಿಯುತ್ತಿದ್ದ ಅವರೆದುರೇ ಅದನ್ನು ಎತ್ತಿ ಹಿಡಿದೆ.

"ಇದು ಯಾರದು ಅತ್ತೆ?" ಎಂದೆ.

"ಯಾರೋ ಹೊಲಿಯೋಕೆ ಕೊಟ್ಟಿದ್ರು. ಇರ್ಬೋದು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿದರು.

"ಅಳತೆ ನಿಮ್ಮದೇ ಇದೆ."

ಪೆಡಲು ತುಳಿಯುವುದು ನಿಂತಿತು. "ಆಸೆ ಕಣೇ. ಎಲ್ಲರ ಜೊತೆ ಒಂದೇ ಒಂದು ಸಲ ಇಳೀಬೇಕು ಅಂತ. ಆದ್ರೆ ನಾನಿಳಿದ್ರೆ ಗೂಟ ನೋಡೋರ್ಯಾರು?" ಎಂದರು.

"ನಾನು ನೋಡ್ತೀನಿ."

"ನೀನಾ? ಒಲೆ ಮೇಲೆ ಹಾಲಿಟ್ಟು ಫೋನು ಹಿಡಿಯೋಳು" ಎಂದು ಮತ್ತೆ ಮಷೀನು ತುಳಿಯತೊಡಗಿದರು. ಅದು ಸುಳ್ಳೇನಲ್ಲವಾದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಆ ವರ್ಷವೇ ಊರೊಳಗೆ ಹೊಸ ಈಜುಕೊಳ ಎದ್ದಿತು. ಬೀಗ ಹಾಕುವ ಕಪಾಟು, ಸೀಟಿ ಊದುವ ಕಾವಲುಗಾರ, ಎಲ್ಲ ಇತ್ತು ಅಲ್ಲಿ. ಕಲ್ಲುಹೊಂಡಕ್ಕೆ ಮಣ್ಣು ತುಂಬಿಸುತ್ತಾರೆ, ಬರುವ ಭಾನುವಾರವೇ ಕೊನೆಯ ಈಜು ಎಂದು ಸುದ್ದಿಯಾಯಿತು. ಅತ್ತೆ ಊಟ ಅರ್ಧಕ್ಕೆ ಬಿಟ್ಟರು. ನನಗೆ ರೇಗಿಹೋಯಿತು. "ಈ ಭಾನುವಾರ ನೀವು ಇಳೀದೇ ಇದ್ರೆ ಆ ಈಜುಡುಗೇನ ಒಲೆ ಒರೆಸೋ ಬಟ್ಟೆ ಮಾಡ್ತೀನಿ" ಎಂದೆ. ಅವರು ಎದ್ದು ಕೈ ತೊಳೆದುಕೊಂಡರು. ಆಮೇಲೆ, "ಫೋನು ಮನೇಲಿ ಬಿಟ್ಟು ಬರಬೇಕು" ಎಂದರು.

ನಾನು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಗೂಟ ಹೊಡೆದ ಬಡಗಿಯ ಮಗ ಈಗ ಬಳಗದ ಹಿರಿಯ, ಅವನೂ ಬಡಗಿಯೇ. ಈಜುವುದು ನಿಧಾನವೆಂದು ಎಲ್ಲರೂ ಅವನನ್ನು ಆಮೆ ಎನ್ನುತ್ತಿದ್ದರು. ಅವನನ್ನು ಹಿಡಿದು, "ಅತ್ತೆ ನೀರಲ್ಲಿರೋವಾಗ ಅವರಿಗೊಂದು ಗೂಟ ಹೊಡೀಬೇಕು, ಟೀ ಆದ್ಮೇಲೆ ಎಲ್ಲರೆದುರು ತೋರಿಸೋಣ" ಎಂದೆ.

"ನಾಳೆ ಮುಚ್ಚೋ ಹೊಂಡಕ್ಕೆ ಇವತ್ತು ಗೂಟವೇನಮ್ಮ" ಎಂದ. ಎಂದರೂ ಆ ಭಾನುವಾರ ಚೆನ್ನಾಗಿ ತಿಕ್ಕಿ ನುಣುಪು ಮಾಡಿದ ಗೂಟವೊಂದನ್ನು ಟವೆಲಿನಲ್ಲಿ ಸುತ್ತಿಕೊಂಡೇ ಬಂದ.

ಅವತ್ತೂ ಅದೇ ಮಂಜು. ಅತ್ತೆ ನೀಲಿ ಅಂಗಿಯನ್ನು ಮಡಿಸಿ ಕುರ್ಚಿಯ ಮೇಲಿಟ್ಟರು, ಅದರ ಮೇಲೆ ಕನ್ನಡಕ. ಅಂಚಿನಲ್ಲಿ ನಿಂತು ನೀರನ್ನು ಪಾದದಿಂದ ಮುಟ್ಟಿ, ಕಾಲು ಎಳೆದುಕೊಂಡರು. "ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು, ಬಾರಕ್ಕ" ಎಂದು ಬಳಗದಲ್ಲಿದ್ದ ಬೇಕರಿಯವನು ಮಂಜಿನೊಳಗಿಂದ ಕರೆದ. ಇಳಿದರು. ಸದ್ದೇ ಆಗಲಿಲ್ಲ. ನಾನು ಅವರನ್ನು ಯಾವಾಗಲೂ ಬೆನ್ನು ಬಗ್ಗಿಸಿ ಕೂತಂತೆಯೇ ಕಂಡಿದ್ದೆ. ನೀರಿನಲ್ಲಿ ಆ ಬೆನ್ನು ನೆಟ್ಟಗಾಯಿತು. ಕೈ ಚಾಚಿದರೆ ನೀರು ದಾರಿ ಬಿಟ್ಟುಕೊಡುತ್ತಿತ್ತು, ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ಮಂಜು ಅವರನ್ನು ಒಂದು ಸಲ ನುಂಗುವುದು, ಒಂದು ಸಲ ಬಿಡುವುದು. ಆಚೆ ದಡದ ಕಡೆಯಿಂದ ಯಾರೋ ಎಳೆ ಹುಡುಗಿ ನಕ್ಕ ದನಿ ಕೇಳಿತು. ಅಲ್ಲಿ ಹುಡುಗಿಯರು ಯಾರೂ ಇರಲಿಲ್ಲ, ಇದ್ದದ್ದು ನಮ್ಮತ್ತೆ ಒಬ್ಬರೇ.

ಆಮೆ ಬೇಗನೆ ಮೇಲೆ ಬಂದು, ಸದ್ದಾಗದಂತೆ ಸುತ್ತಿಗೆಗೆ ಬಟ್ಟೆ ಸುತ್ತಿ, ಸಾಲಿನ ಕೊನೆಗೆ ಗೂಟ ಹೊಡೆದ. ನಾನು ನೀಲಿ ಅಂಗಿಯನ್ನು ಅದಕ್ಕೆ ತೂಗುಹಾಕಿದೆ. ಯಾರಾದರೂ ತುಳಿದಾರೆಂದು ಕನ್ನಡಕವನ್ನು ಅಂಗಿಯ ಜೇಬಿಗೆ ಇಳಿಬಿಟ್ಟೆ.

ಒಬ್ಬೊಬ್ಬರಾಗಿ ಮೇಲೆ ಬಂದು ಬಟ್ಟೆ ಹಾಕಿಕೊಂಡರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಕೊನೆಗೆ ಅತ್ತೆ ಬಂದರು, ಟವೆಲು ಹೊದ್ದುಕೊಂಡರು. "ಕನ್ನಡಕ ಎಲ್ಲೇ?" ಎಂದರು. "ಭದ್ರವಾಗಿದೆ, ಮೊದಲು ಟೀ ಕುಡೀರಿ" ಎಂದು ಗೋಡೆಯ ಹಿಂದಕ್ಕೆ ಫ್ಲಾಸ್ಕು ತರಲು ಹೋದೆ. ಎಲ್ಲರೂ ಬಂದಾಗಿತ್ತು, ನನ್ನ ಕೆಲಸ ಮುಗಿದಿತ್ತು.

ಲೋಟಕ್ಕೆ ಟೀ ಬಗ್ಗಿಸುತ್ತಿದ್ದೆ. ಆಚೆಯಿಂದ ಅತ್ತೆಯ ದನಿ ಕೇಳಿತು. ಜೋರಾಗೇನೂ ಇರಲಿಲ್ಲ.

"ಒಳಗೆ ಒಬ್ಬರಿದ್ದಾರೆ."

ಲೋಟ ಕೈಯಿಂದ ಜಾರಿತು. ನಾನು ಲೆಕ್ಕ ತಪ್ಪಿದೆನೇ? ಗೋಡೆ ಸುತ್ತಿ ಓಡಿ ಬರುವಷ್ಟರಲ್ಲಿ ದಡ ಖಾಲಿ. ತಲೆ ಬಾಚಿಕೊಂಡು ನಿಂತಿದ್ದ ಬೇಕರಿಯವನು ನೀರಿನಲ್ಲಿದ್ದ, ಶೂ ಹಾಕಿಕೊಂಡಿದ್ದ ಇವರೂ ನೀರಿನಲ್ಲಿ, ಸೊಂಟದಲ್ಲಿ ಸುತ್ತಿಗೆ ಸಿಕ್ಕಿಸಿಕೊಂಡಿದ್ದ ಆಮೆಯೂ ನೀರಿನಲ್ಲಿ. ಎಲ್ಲರಿಗಿಂತ ಮುಂದೆ, ಕನ್ನಡಕವಿಲ್ಲದೆ ಕಣ್ಣು ಸರಿಯಾಗಿ ಕಾಣದ ನಮ್ಮತ್ತೆ ಮುಳುಗಿ ಮುಳುಗಿ ತಳ ತಡಕುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು ಎಂದು ನಾನು ಎಷ್ಟೋ ಸಲ ಆಡಿಕೊಂಡದ್ದಿದೆ. ಅವತ್ತು ಆ ಮಾತು ನೆನಪಾದರೂ ನಗು ಬರಲಿಲ್ಲ.

ಗೋಡೆ ನೋಡಿದೆ. ಕೊನೆಯ ಗೂಟದ ಮೇಲೆ ನೀಲಿ ಅಂಗಿ.

"ಅತ್ತೆ, ಅದು ನಿಮ್ಮಂಗಿ" ಎಂದು ಕೂಗಿದೆ. ಮುಳುಗಿದವರಿಗೆ ಎಲ್ಲಿ ಕೇಳಬೇಕು. ಅವರ ತಲೆ ಮೇಲೆ ಬರುವವರೆಗೆ ಕೂಗುತ್ತಲೇ ಇದ್ದೆ.

"ನನ್ನಂಗಿ ಕುರ್ಚಿ ಮೇಲಿದೆ" ಎಂದರು ಏದುಸಿರು ಬಿಡುತ್ತಾ.

"ಇಲ್ಲ ಅತ್ತೆ, ಗೂಟದ ಮೇಲಿದೆ. ನಿಮಗೂ ಒಂದು ಗೂಟ ಹೊಡೆಸಿದ್ದೀನಿ."

ಒಬ್ಬೊಬ್ಬರೂ ನಿಂತಲ್ಲೇ ನಿಂತರು. "ಅಯ್ಯೋ ನನ್ನ ಬುದ್ಧಿಗಿಷ್ಟು. ಗೂಟ ಹೊಡೆದೋನೂ ನಾನೇ, ಹಾರಿದೋನೂ ನಾನೇ" ಎಂದ ಆಮೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ಬೇಕರಿಯವನು ನಕ್ಕ, ಎಲ್ಲರೂ ನೀರು ಕುಡಿಯುವಷ್ಟು ನಕ್ಕರು. ಅತ್ತೆ ನಗಲಿಲ್ಲ.

"ಹಾಗಾದ್ರೆ ಇವರೆಲ್ಲ ಹುಡುಕಿದ್ದು ಯಾರನ್ನ?"

"ನಿಮ್ಮನ್ನೇ, ಅತ್ತೆ."

ಮಂಜಾದ ಕಣ್ಣುಗಳಿಂದ ಎಲ್ಲರನ್ನೂ ಒಮ್ಮೆ ನೋಡಿದರು. "ಯಾರಂಗಿ ಅಂತ ಒಬ್ಬರೂ ಕೇಳಲಿಲ್ವಲ್ಲ" ಎಂದರು.

"ಕೇಳೋ ಹಾಗಿಲ್ವಲ್ಲಕ್ಕ" ಎಂದ ಆಮೆ.

ಅತ್ತೆಗೆ ಅಳು ಬಂತು. ನೀರಿನಲ್ಲಿ ನಿಂತು, ಮುಖ ಮುಚ್ಚಿಕೊಳ್ಳದೆ, ಚಿಕ್ಕ ಮಗುವಿನ ಹಾಗೆ ಅತ್ತರು. "ಅವತ್ತೂ ಇಷ್ಟೇ ಜನ ಇದ್ರು ಕಣ್ರೋ. ನಮ್ಮಣ್ಣನ ಅಂಗಿ ನೋಡಿ ಒಬ್ಬರು ಹಾರಿದ್ರೆ ಸಾಕಿತ್ತು" ಎಂದರು. ಇವರು ಒದ್ದೆ ಶೂಗಳಲ್ಲೇ ಹೋಗಿ ಅಮ್ಮನ ಪಕ್ಕ ನಿಂತುಕೊಂಡರು.

ಆಮೇಲೆ ಎಲ್ಲರೂ ನಡುಗುತ್ತಾ ಮೇಲೆ ಬಂದರು, ಅತ್ತೆ ಮಾತ್ರ ಬರಲಿಲ್ಲ. ಅಂಗಾತ ಮಲಗಿ ತೇಲುತ್ತಾ, "ಇನ್ನೊಂಚೂರು ಹೊತ್ತು ಇರ್ತೀನಿ. ನನ್ನಂಗಿ ನೋಡ್ಕೋ" ಎಂದರು. ನಾನು ಹೋಗಿ ಅವರ ಕುರ್ಚಿಯಲ್ಲಿ ಕೂತೆ. ಬಿಸಿಲು ಏರಿತು, ಮಂಜು ಕರಗುತ್ತಾ ಬಂತು. ಗೋಡೆಯ ಹಿಂದಿನಿಂದ ಇವರು, "ಟೀ ಆರಿಹೋಗ್ತಿದೆ, ಬಾರೇ" ಎಂದು ಕರೆದರು.

ನಾನು ತಿರುಗಿ ನೋಡಲಿಲ್ಲ. "ಒಂದು ನಿಮಿಷ ತಾಳಿ, ಇನ್ನೂ ಒಬ್ಬರು ಬರೋದಿದೆ" ಎಂದೆ.