ಫಾದರ್ ಟೊಪ್ಪಿಗೆಯ ನಾಲ್ಕನೆಯ ಏಣು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಟೊಪ್ಪಿಗೆ ಕಪ್ಪಗಿತ್ತು, ಅದು ಖಚಿತ. ಒಳಗಿನ ಅಸ್ತರು ಕೆಂಪೋ ಕಂದೋ ಎಂದು ಕೇಳಿದರೆ ಪ್ರಮಾಣ ಮಾಡಲಾರೆ. ದಿನಚರಿ ಬರೆಯುವ ಚಟ ನನಗೆ ವಿಶ್ವವಿದ್ಯಾಲಯದ ದಿನಗಳಿಂದಲೂ ಇದೆ. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಊಟ ಚೆನ್ನಾಗಿತ್ತು. ಹುಗ್ಗಿಗೆ ಬೆಲ್ಲ ಕಡಿಮೆ." ಮುಖ್ಯವಾದದ್ದನ್ನು ಬರೆಯದೆ ಬಿಡುವುದರಲ್ಲಿ ನಾನು ಮೊದಲಿನಿಂದಲೂ ನಿಪುಣೆ.

ಹೋದ ವಾರ ತಿಕೋಟಾಕ್ಕೆ ಹೋಗಿದ್ದೆ. ನನ್ನ ತಂದೆಯ ತಂಗಿ ಗಂಗತ್ತೆ ಕಿಟಕಿಯ ಬಳಿ ಕೂತು, ನನ್ನ ತಮ್ಮನ ಮಗಳ ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದಳು. ತಲೆ ಮುಚ್ಚಿ ಬೆನ್ನ ಮೇಲೆ ಇಳಿಯುವ ಆ ಕೂಸಿನ ಟೊಪ್ಪಿಗೆ ಇವಳ ಕೈಯಿಂದಲೇ ಆಗಬೇಕೆಂದು ಊರಿನ ಅರ್ಧ ಮಂದಿ ಹಟ ಹಿಡಿಯುತ್ತಾರೆ. "ಆ ಗುಂಡಿ ಡಬ್ಬಿ ಕೊಡ ಬೇ, ಸುಮ್ನ ಕುಂತೀ" ಎಂದಳು. ತಗಡಿನ ಮುಚ್ಚಳ ತೆಗೆದೆ. ಡಾಂಬರು ಗುಳಿಗೆಯ ವಾಸನೆ ಬಂತು. ಗುಂಡಿಗಳ ನಡುವೆ, ಇಲಿ ಅರ್ಧ ತಿಂದುಬಿಟ್ಟ ಕಪ್ಪು ರೇಷ್ಮೆಯ ಗೊಂಡೆಯೊಂದು ಬಿದ್ದಿತ್ತು.

ಅದು ಫಾದರ್ ಅವರದು.

ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಬರೀ ಫಾದರ್. ಕರಾವಳಿಯವರು. ವಿಜಯಪುರದ ಒಂದು ಸಣ್ಣ ಚರ್ಚಿಗೆ ಬಂದವರು ಇಲ್ಲಿಯ ಬಿಸಿಲಿನಲ್ಲೇ ಮುದುಕರಾದರು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ನನ್ನ ತಂದೆಗೆ ಗೆಳೆಯರು. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದರೆ ಚಹಾ ಆರುವ ತನಕ ಮಾತು, ಆರಿದ ಮೇಲೆ ಮತ್ತೊಂದು ಚಹಾ.

ತಲೆ ನೋಡಿ ಮನುಷ್ಯನನ್ನು ಗುರುತಿಸಬಹುದಾಗಿದ್ದ ಓಣಿ ನಮ್ಮದು. ಸಂತೆಗೆ ಬಂದ ಮಮದಾಪುರದವರ ರುಮಾಲು, ದ್ರಾಕ್ಷಿ ವ್ಯಾಪಾರಿಗಳ ಬಿಳಿ ಟೊಪ್ಪಿಗೆ, ನಮಾಜಿಗೆ ಹೊರಟ ಎದುರುಮನೆ ಚಾಚಾನ ಜಾಳಿಗೆ ಟೊಪ್ಪಿಗೆ. ಫಾದರ್ ಅವರದು ಮಾತ್ರ ಬೋಳುತಲೆ. ಒಮ್ಮೆ ತಿಕೋಟಾದಿಂದ ಒಣದ್ರಾಕ್ಷಿ ಹೊತ್ತು ಬಂದಿದ್ದ ಗಂಗತ್ತೆ ಕೇಳಿಯೇಬಿಟ್ಟಳು, "ನಿಮ್ಮ ಮಂದಿಗೆ ಟೊಪ್ಪಗಿ ಇಲ್ಲೇನ್ರಿ, ಫಾದರ್?"

"ಬೇಕಾದಷ್ಟಿದ್ದವು ಗಂಗಮ್ಮಾ" ಎಂದು ಅವರು ಖುಷಿಯಿಂದ ಶುರು ಮಾಡಿದರು. ಪೋಪರಿಗೆ ನೆತ್ತಿ ಮಾತ್ರ ಮುಚ್ಚುವ ಬಿಳಿ ಟೊಪ್ಪಿಗೆ. ಚೌಕದ ಟೊಪ್ಪಿಗೆಯಾದರೆ ಕಾರ್ಡಿನಲ್ಲರಿಗೆ ಕೆಂಪು, ಬಿಷಪ್ಪರಿಗೆ ನೇರಳೆ, ತಮ್ಮಂಥ ಪಾದ್ರಿಗಳಿಗೆ ಕಪ್ಪು. ಅದರ ಹೆಸರು ಬಿರೆಟ್ಟಾ. ಈಗ ಹಾಕುವವರೇ ಇಲ್ಲ.

ಮುಂದಿನ ಭಾನುವಾರ ಅದನ್ನೇ ತಂದರು. ನಾಲ್ಕು ಮೂಲೆಯ ಗಟ್ಟಿ ಟೊಪ್ಪಿಗೆ, ಮೇಲೆ ಗೋಡೆಯಂತೆ ಎದ್ದ ಮೂರು ಏಣು, ನಡುವೆ ಗೊಂಡೆ. ಅವರ ಗುರುಗಳು ತಮ್ಮ ತಲೆಯಿಂದ ತೆಗೆದು ಕೊಟ್ಟದ್ದಂತೆ. ಪಾದ್ರಿಯಾಗಿ ಐವತ್ತು ವರ್ಷ ತುಂಬುವ ದಿನ ಒಂದೇ ಒಂದು ಸಲ ಹಾಕಿಕೊಳ್ಳಬೇಕೆಂಬ ಆಸೆ. ಆದರೆ ಇಲಿ ಗೊಂಡೆಯನ್ನೂ ಏಣು ಇಲ್ಲದ ನಾಲ್ಕನೆಯ ಬದಿಯ ಬಟ್ಟೆಯನ್ನೂ ಕಡಿದುಹಾಕಿತ್ತು.

"ಏಣು ಮೂರೇ ಯಾಕೆ?" ಎಂದು ನನ್ನ ತಂದೆ ಕೇಳಿದರು.

"ನಮಗೆ ಮೂರೇ. ಡಾಕ್ಟರ್ ಪದವಿ ಪಡೆದ ಪಂಡಿತರಿಗೆ ನಾಲ್ಕು" ಎಂದರು ಫಾದರ್. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಬಂತು. ಅವರೂ ಓದುತ್ತಿದ್ದರಂತೆ. ಪ್ರಬಂಧ ಅರ್ಧ ಆಗಿತ್ತಂತೆ. ಅಷ್ಟರಲ್ಲಿ ಈ ಕಡೆಗೆ ಕಳಿಸಿದರು. ಒಂದು ವರ್ಷಕ್ಕೆಂದು ಬಂದವರು ಮರಳಿ ಹೋಗಲಿಲ್ಲ. "ಮೂರು ಸಾಕಾಯಿತು" ಎಂದು ನಕ್ಕು, ಬೇಕಿಲ್ಲದಿದ್ದರೂ ಕನ್ನಡಕ ಒರೆಸಿಕೊಂಡರು.

ಇನ್ನೂ ನಮ್ಮಲ್ಲೇ ಉಳಿದಿದ್ದ ಗಂಗತ್ತೆ ಆಗ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನನ್ನ ನೆನಪು ಹಾಗೆ ಹೇಳುತ್ತದೆ.

ಪೇಟೆಯ ದರ್ಜಿಗಳು ಆ ಟೊಪ್ಪಿಗೆಯನ್ನು ಮುಟ್ಟಲು ಒಪ್ಪಿರಲಿಲ್ಲ. ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ಬಂದು, "ಕೊಡ್ರಿ ಇಲ್ಲೆ. ಕೂಸಿನ ತಲಿ ಏನು, ಸ್ವಾಮಿ ತಲಿ ಏನು" ಎಂದು ಎತ್ತಿಕೊಂಡು ಹೋದಳು.

ಐವತ್ತು ವರ್ಷ ತುಂಬಿದ ದಿನದ ಪೂಜೆ ಇದ್ದದ್ದು ಬಬಲೇಶ್ವರದ ಹತ್ತಿರದ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ, ಫಾದರ್ ತಾವೇ ಮುಂದೆ ನಿಂತು ಕಟ್ಟಿಸಿದ್ದು. ಅತ್ತೆ ಇಳಕಲ್ ಸೀರೆ ಉಟ್ಟು, ರೊಟ್ಟಿ ಬುಟ್ಟಿಯಲ್ಲಿ ಟೊಪ್ಪಿಗೆ ಇಟ್ಟುಕೊಂಡು ಬಂದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯಿಂದ ಇಳಿಸಲಿಲ್ಲ. ತಾನು ಹೊಲಿದದ್ದು ಅವರ ತಲೆಯ ಮೇಲೆ ಕೂರುವುದನ್ನು ನೋಡಬೇಕು, ಅವಳಿಗೆ ಅಷ್ಟೇ ಬೇಕಿತ್ತು.

ಫಾದರ್ ಬುಟ್ಟಿಗೆ ಮುಚ್ಚಿದ್ದ ಬಟ್ಟೆ ಸರಿಸಿ ನೋಡಿದರು. ಹೊಸ ಗೊಂಡೆ, ಹೊಸ ಮಗ್ಗುಲು. ಏಣು ನಾಲ್ಕು.

ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ಪಾದ್ರಿ ಪಿಸುಗುಟ್ಟಿದರು, "ಇದು ಡಾಕ್ಟರರದಾಯಿತಲ್ಲ, ಫಾದರ್. ಹಾಕಿಕೊಂಡರೆ ತಿಳಿದವರು ಏನಂತಾರೆ?" ಪಿಸುಮಾತು ನಮಗೂ ಕೇಳಿಸಿತು. ಅತ್ತೆ ಅಂಜಲಿಲ್ಲ.

"ಇಲಿ ತಿಂದದ್ದನ್ನ ಹಚ್ಚೇನ್ರಿ. ಮೂರ ಯಾರಿಗೂ ನೀಡಬಾರ್ದು. ನಮ್ಮ ಮನ್ಯಾಗ ರೊಟ್ಟೀನೂ ಮೂರ ನೀಡಂಗಿಲ್ಲ, ನಾಕನೇದರದು ಒಂದ್ ಚೂರರ ಇಡ್ತೀವಿ."

ಎಲ್ಲರೂ ನಕ್ಕರು. ಫಾದರ್ ನಗಲಿಲ್ಲ. ಹೊಸ ಏಣಿನ ಮೇಲೆ ಬೆರಳಾಡಿಸಿ, ಟೊಪ್ಪಿಗೆಯನ್ನು ಬುಟ್ಟಿಯಲ್ಲೇ ಇಟ್ಟು, ಬರಿತಲೆಯಲ್ಲಿ ಪೂಜೆಗೆ ಹೋದರು. ಅತ್ತೆ ಸೆರಗಿನ ಅಂಚು ನೋಡುತ್ತ ಕೂತಳು. ಪೂಜೆ ಮುಗಿಯುವ ತನಕ ತಲೆ ಎತ್ತಲಿಲ್ಲ.

ಊಟದ ಪಂಕ್ತಿ ಕೂತಾಗ ಫಾದರ್ ಬಂದರು. ತಲೆಯ ಮೇಲೆ ಟೊಪ್ಪಿಗೆ! ಅತ್ತೆಯ ಎದುರಿಗೇ ಕೂತು, ನಮ್ಮ ಕಡೆಯ ಮಾತಿನಲ್ಲೇ ಗಟ್ಟಿಯಾಗಿ ಹೇಳಿದರು, "ನಾ ಬರೀದ ಬಿಟ್ಟ ಪ್ರಬಂಧ ಗಂಗಮ್ಮ ಹೊಲದು ಮುಗಿಸ್ಯಾರ. ದೇವರ ಮುಂದ ಇಲ್ಲದ ಪದವಿ ಬ್ಯಾಡ. ಹುಗ್ಗಿ ಮುಂದ ನಡೀತೈತಿ."

"ಸಾವಕಾಶ್ರೀ ಯಪ್ಪಾ, ಗೊಂಡೆ ಹುಗ್ಯಾಗ ಬಿದ್ದೀತು!" ಎಂದಳು ಅತ್ತೆ. ಅವಳ ದನಿ ಮರಳಿ ಬಂದಿತ್ತು.

ಫಾದರ್ ಈಗಿಲ್ಲ, ನನ್ನ ತಂದೆಯೂ ಇಲ್ಲ. ಟೊಪ್ಪಿಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಪ್ರಸಂಗವನ್ನು ನಾನು ಎಷ್ಟು ಮಂದಿಗೆ ಹೇಳಿದ್ದೇನೋ! ಯಾವಾಗಲೂ ಅದು ಗಂಗತ್ತೆಯ ರೊಟ್ಟಿ ಲೆಕ್ಕದ ಕಥೆ, ನಗಿಸುವ ಕಥೆ. ಹೋದ ವಾರವೂ ಗೊಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ನಗುತ್ತಲೇ ಅಂದೆ, "ಪಾಪ, ಇಲಿ ಒಂದು ಏಣೂ ತಿಂದೈತಿ ಅಂತ ತಿಳಕೊಂಡಿದ್ದಿ ನೀ."

ಅತ್ತೆ ಕುಂಚಿಗೆಯಿಂದ ಕಣ್ಣೆತ್ತಲಿಲ್ಲ. "ಯಾರ ಹೇಳ್ಯಾರ ನಿನಗ? ಏಣು ಇದ್ದು ಹೋಗಿದ್ರ ಸೂಜಿ ತೂತು ಉಳೀತಿದ್ದುವು. ಬಟ್ಟಿ ಹರದಿದ್ರೂ ಒಳಗಿನ ರಟ್ಟು ಹಂಗ ಇತ್ತು. ಅದಕ್ಕ ಒಂದೂ ತೂತ ಇರಲಿಲ್ಲ."

ನನ್ನ ನಗು ಅಲ್ಲಿಗೇ ನಿಂತಿತು. ಅಂದರೆ ನಾಲ್ಕನೆಯ ಏಣು ಮೊದಲು ಇರಲೇ ಇಲ್ಲವೆಂದು ಗೊತ್ತಿದ್ದೇ ಹೊಲಿದಿದ್ದಳು. ಪಡಸಾಲೆಯ ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ಕಿವಿಗೊಟ್ಟು ಕೇಳಿದೆ. ಫಾದರ್ ಮೆಲ್ಲಗೆ ಮಾತಾಡುತ್ತಿದ್ದಾರೆ. ಒಳಗೆ ರೊಟ್ಟಿ ಬಡಿಯುವ ಸದ್ದು ಇದೆಯೇ? ಇತ್ತು, ಇಷ್ಟು ವರ್ಷ ಇತ್ತು. ಈಗ ಕೇಳಿದರೆ, ಅವರು ಕನ್ನಡಕ ಒರೆಸಿಕೊಳ್ಳುವಾಗ, ಆ ಸದ್ದು ನಿಂತಂತೆ ಅನಿಸುತ್ತದೆ. ಇದೂ ನಾನೇ ಈಗ ಸೇರಿಸಿದ್ದಿರಬಹುದು.

ಅತ್ತೆ ದಾರವನ್ನು ಹಲ್ಲಿನಿಂದ ಕಡಿದಳು. ಗೊಂಡೆಗಾಗಿ ಕೈ ಚಾಚಿದಳು, ಕೊಟ್ಟೆ. ಅದನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ಅತ್ತಿ, ಅವತ್ತ ಫಾದರ್ ಹೇಳಿದ್ದು ನಿನಗ ಒಳಗ ಕೇಳಿಸಿತ್ತೇನ?"